ಅಪ್‌ಡೇಟ್: ಘಾಟಿಯಲ್ಲಿ ಸೋಲುತ್ತಿದ್ದ ವ್ಯಾನ್ ಸರಿಯಾಯಿತು

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ನಮ್ಮ ಡೀಸೆಲ್ ವ್ಯಾನ್ ಏದುಸಿರು ಬಿಡುತ್ತದೆ, ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ಕೊಡುವ ಟರ್ಬೊ ಹೋಗಿರಬಹುದೇ ಎಂದು ನಿಮ್ಮನ್ನೆಲ್ಲ ಇಲ್ಲಿ ಕೇಳಿದ್ದೆ. ಟರ್ಬೊ ಗಟ್ಟಿಯಾಗಿದೆ. ಕೆಟ್ಟಿದ್ದದ್ದು ಏರ್ ಫ್ಲೋ ಸೆನ್ಸರ್, ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಭಾಗ.

ಗಾಳಿಯ ಪೈಪಿನಲ್ಲಿ ಬಿರುಕಿರಲಿಲ್ಲ. ನಿಮ್ಮಲ್ಲೊಬ್ಬರು ಹೇಳಿದಂತೆ ಎಂಜಿನ್ ಆರಿಸಿ, ಸೆನ್ಸರಿನ ವೈರ್ ಕನೆಕ್ಟರ್ ಕಳಚಿ ಏರುದಾರಿಯಲ್ಲಿ ಓಡಿಸಿದೆ. ಎಂಜಿನ್ ದೀಪವೇನೋ ಹತ್ತಿತು, ಆದರೆ ವ್ಯಾನಿಗೆ ಜೀವ ಬಂತು! ಸೆನ್ಸರ್ ಇಲ್ಲದಾಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತನ್ನ ಅಂದಾಜಿನ ಲೆಕ್ಕದಲ್ಲಿ ಡೀಸೆಲ್ ಕೊಡುತ್ತದೆ. ಕೆಟ್ಟ ಸೆನ್ಸರ್ ಗಾಳಿ ಕಡಿಮೆಯಿದೆ ಎಂದು ತಪ್ಪು ವರದಿ ಕೊಡುತ್ತಿದ್ದುದರಿಂದ ಡೀಸೆಲ್‌ಗೂ ಕಡಿವಾಣ ಬಿದ್ದಿತ್ತು. ವ್ಯಾನ್ ಸೋಲುತ್ತಿದ್ದರೂ ಕಪ್ಪು ಹೊಗೆ ಬಾರದಿದ್ದುದು ಅದಕ್ಕೇ.

ಸೆನ್ಸರ್ ಹೊರತೆಗೆದು ನೋಡಿದರೆ, ಅದರೊಳಗೆ ಗಾಳಿ ಅಳೆಯುವ, ಉಗುರಿಗಿಂತ ಚಿಕ್ಕದಾದ ಫಿಲ್ಮಿನ ಮೇಲೆ ಕೆಮ್ಮಣ್ಣಿನ ತೆಳುವಾದ ಪದರ. ಏರ್ ಫಿಲ್ಟರ್ ಪೆಟ್ಟಿಗೆಯ ಒಂದು ಕ್ಲಿಪ್ ಮುರಿದು, ಮುಚ್ಚಳದ ಸಂದಿಯಿಂದ ದೂಳು ನುಗ್ಗಿತ್ತು. ಎರಡು ಬಾರಿ ಸರ್ವಿಸ್‌ಗೆ ಬಿಟ್ಟರೂ ಯಾರೂ ಇದನ್ನು ಗಮನಿಸಿರಲಿಲ್ಲ ಎಂಬುದೇ ನನಗೆ ಬೇಸರ. ಸೆನ್ಸರ್ ಕ್ಲೀನರ್ ಹೊಡೆದು, ಬೆರಳು ತಾಗಿಸದೆ ಒಣಗಿಸಿದೆ. ಎರಡೇ ದಿನ, ಮತ್ತೆ ಅದೇ ರಾಗ. ಕೊನೆಗೆ ಶಿವಮೊಗ್ಗದಿಂದ ಹೊಸ ಸೆನ್ಸರ್, ಕ್ಲಿಪ್ ತರಿಸಿ ಹಾಕಿದೆ.

ನಿನ್ನೆ ತೆಂಗಿನಕಾಯಿ ಹೇರಿಕೊಂಡು ಘಾಟಿಯ 14 ತಿರುವುಗಳನ್ನೂ ಸಲೀಸಾಗಿ ಹತ್ತಿ ಬಂದೆ. ಕನೆಕ್ಟರ್ ಕಳಚಿ ನೋಡಿ ಎಂದ ಅಣ್ಣನಿಗೆ ಮನಸಾರೆ ವಂದನೆ.