ಧರ್ಮಗ್ರಂಥ ಯಾವುದು ಅಂತ ತೀರ್ಮಾನಿಸೋರು ಯಾರು?

ಮಂಜು, ಮಡಿಕೇರಿ: ಮೊನ್ನೆ ನೆಂಟರ ಮನೆಯಲ್ಲಿ ಜೋರು ಮಾತು ನಡೆಯಿತು. ಕೊಡವರಿಗೂ ಒಂದು ಧರ್ಮಗ್ರಂಥ ಬೇಕು, ನಮ್ಮ ಹಾಡು, ಪದ್ಧತಿಗಳ ಸಂಗ್ರಹವಾದ ಪಟ್ಟೋಲೆ ಪಳಮೆಯನ್ನೇ ಹಾಗಂತ ಘೋಷಿಸಬೇಕು ಅಂತ ಹುಡುಗರು. ಕಾವೇರಿ ಪುರಾಣ ಇದೆಯಲ್ಲ ಅಂತ ಹಿರಿಯರು. ಬೇರೆಯವರಲ್ಲಿ ಇದು ಹೇಗೆ ತೀರ್ಮಾನವಾಯಿತು?

ಜೋ, ವಿರಾಜಪೇಟೆ: ನಮ್ಮ ಕ್ರೈಸ್ತರಲ್ಲಿ ನಿಧಾನಕ್ಕೆ ಆಯಿತು. ಹೊಸ ಒಡಂಬಡಿಕೆಯ ಇವತ್ತಿನ 27 ಪುಸ್ತಕಗಳ ಪಟ್ಟಿ ಮೊದಲು ಸಿಗೋದು 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಬರೆದ ಪತ್ರದಲ್ಲಿ. ಆದರೆ ನಾಲ್ಕು ಸುವಾರ್ತೆಗಳನ್ನು, ಪೌಲನ ಪತ್ರಗಳನ್ನು ಜನ ಅದಕ್ಕೂ ಎಷ್ಟೋ ತಲೆಮಾರು ಮುಂಚಿನಿಂದ ಪ್ರಾರ್ಥನೆಯಲ್ಲಿ ಓದುತ್ತಿದ್ದರು. ಜಗಳ ಬಂದಾಗಲೇ ಪಟ್ಟಿ ಗಟ್ಟಿಯಾಗೋದು. ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಕಡೆಯವರು ತಕರಾರು ತೆಗೆದ ಮೇಲೆ, 1546ರಲ್ಲಿ, ಟ್ರೆಂಟ್ ನಗರದಲ್ಲಿ ಸೇರಿದ ಬಿಷಪ್‌ಗಳ ಸಭೆ ಕ್ಯಾಥೊಲಿಕ್ ಪಟ್ಟಿಯನ್ನು ಖಚಿತ ಮಾಡಿತು. ಈಗ ನಮ್ಮ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದ್ದರಲ್ಲಿ 66.

ಓದುಗ, ಕುಶಾಲನಗರ: ಅಷ್ಟು ದೂರ ಯಾಕೆ, ಪಕ್ಕದ ಬೈಲಕುಪ್ಪೆ ನೋಡಿ. ಟಿಬೆಟಿನವರು ಬುದ್ಧವಚನ ಅಂತ ಒಪ್ಪಿದ್ದು ಕಂಗ್ಯುರ್ ಅನ್ನೋ ಗ್ರಂಥಸಂಗ್ರಹವನ್ನು. 14ನೇ ಶತಮಾನದಲ್ಲಿ ಬುತೋನ್ ಅನ್ನೋ ಪಂಡಿತರು ಗ್ರಂಥಗಳನ್ನು ವಿಂಗಡಿಸಿದಾಗ, ಭಾರತದ ಮೂಲ ತೋರಿಸಲಾಗದ ಹಳೆಯ ತಂತ್ರಗ್ರಂಥಗಳು ಬಹಳಷ್ಟು ಹೊರಗೆ ಉಳಿದವು. ಞಿಂಗ್ಮಾ ಪಂಥದವರು ಬಿಟ್ಟುಕೊಡಲಿಲ್ಲ, ತಮ್ಮದೇ ಬೇರೆ ಸಂಗ್ರಹ ಮಾಡಿಕೊಂಡರು. ನಾವೆಲ್ಲ ಗೋಲ್ಡನ್ ಟೆಂಪಲ್ ಅಂತ ಹೋಗ್ತೀವಲ್ಲ, ನಾಮ್‌ಡ್ರೋಲಿಂಗ್, ಅದು ಅದೇ ಪಂಥದ ಮಠ. ಪಟ್ಟಿ ಮಾಡುವವರು ಹೊರಗಿಟ್ಟರೂ, ಪಠಿಸುವವರು ಇರೋ ತನಕ ಗ್ರಂಥ ಪವಿತ್ರವೇ ಅಲ್ವಾ?

ಅಕ್ಕ, ಪೊನ್ನಂಪೇಟೆ: ಮಂಜು, ನನ್ನ ಭಯ ಬೇರೆ. ನಡಿಕೇರಿಯಂಡ ಚಿಣ್ಣಪ್ಪನವರು ಜನರ ಬಾಯಲ್ಲಿದ್ದ ಹಾಡು, ಪದ್ಧತಿಗಳನ್ನು ಸಂಗ್ರಹಿಸಿ 1924ರಲ್ಲಿ ಪಟ್ಟೋಲೆ ಪಳಮೆ ಪುಸ್ತಕ ತಂದರು. ಅದಿಲ್ಲದಿದ್ದರೆ ಎಷ್ಟೋ ಕಳೆದುಹೋಗುತ್ತಿತ್ತು. ಆದರೆ ಹಾಡು ಬದುಕಿರೋದು ದುಡಿ ಅನ್ನೋ ಪುಟ್ಟ ವಾದ್ಯ ಹಿಡಿದ ನಾಲ್ವರ ಬಾಯಲ್ಲಿ. ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ, ನಡುವೆ ಮದುವೆ ಮನೆಯ ಹೆಸರು ಸೇರುತ್ತದೆ. ಅಚ್ಚಾದದ್ದೇ ಧರ್ಮಗ್ರಂಥ ಅಂದುಬಿಟ್ಟರೆ ಕೊಡಗಿನದೇ ಬೇರೆ ನಾಡಿನವರು ಹಾಡುವ ಸಾಲು ತಪ್ಪು ಅನ್ನಿಸಿಕೊಳ್ಳುತ್ತದೆ. ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ತೂಗುದೀಪದ ಮುಂದೆ ಮೂಲಪುರುಷ ಗುರು ಕಾರೋಣನನ್ನು ನೆನೆಯೋಕೆ ಪುಸ್ತಕ ಯಾಕೆ ಬೇಕು?

ಮಂಜು, ಮಡಿಕೇರಿ: ಅಕ್ಕ, ಬೆಂಗಳೂರಲ್ಲಿ ಬೆಳೆದ ಮಕ್ಕಳಿಗೆ ದುಡಿಯವರು ಎಲ್ಲಿ ಸಿಗ್ತಾರೆ? ಸಿಖ್ಖರನ್ನು ನೋಡಿ. ಗುರು ಅರ್ಜನ್ 1604ರಲ್ಲಿ ಗ್ರಂಥ ಜೋಡಿಸಿದರು, 1708ರಲ್ಲಿ ಗುರು ಗೋಬಿಂದ್ ಸಿಂಗ್ ಅದೇ ಇನ್ನು ಮುಂದೆ ಗುರು ಅಂದರು. ಇವತ್ತು ಎಲ್ಲಿ ಹೋದರೂ ಅವರಿಗೆ ಆ ಗ್ರಂಥದ ಆಸರೆ ಇದೆ.

ಅಕ್ಕ, ಪೊನ್ನಂಪೇಟೆ: ಹಾಗೆ ಹೇಳೋಕೆ ಅವರಲ್ಲಿ ಎಲ್ಲರೂ ಒಪ್ಪಿದ ಗುರು ಇದ್ದರು. ನಮ್ಮಲ್ಲಿ ಒಂದೊಂದು ಒಕ್ಕಕ್ಕೂ, ಅಂದರೆ ಮನೆತನಕ್ಕೂ, ಅದರದೇ ಕಾರೋಣ. ಎಲ್ಲರ ಪರವಾಗಿ ಯಾರು ಸಹಿ ಹಾಕ್ತಾರೆ?

ಜೋ, ವಿರಾಜಪೇಟೆ: ಮೊದಲು ಒಂದೊಂದು ನಾಡಿನ ಹಾಡೂ ರೆಕಾರ್ಡ್ ಆಗಲಿ. ಪಟ್ಟಿ ಮಾಡೋಕೆ ಅವಸರ ಬೇಡ, ನಮ್ಮವರಿಗೇ ಮುನ್ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಮಂಜು, ಮಡಿಕೇರಿ: ಅಷ್ಟು ಕಾಲ ಹಾಡುವವರು ಉಳಿದಿರಬೇಕಲ್ಲ ಜೋ ಅಣ್ಣ. ಪುತ್ತರಿ ಸುಗ್ಗಿ ಹಬ್ಬಕ್ಕೆ ಊರಿಗೆ ಬಂದವರನ್ನು ಕೂರಿಸಿಕೊಂಡು ರೆಕಾರ್ಡಿಂಗ್ ಶುರು ಮಾಡೋಣ. ಘೋಷಣೆ ಬೇಕು ಅನ್ನೋ ಮಾತನ್ನಂತೂ ನಾನು ಬಿಡೋದಿಲ್ಲ.