ಸಹಾಯ ಬೇಕು: ಮೇ ತಿಂಗಳಲ್ಲಿ ಭಾಗಮಂಡಲದ ಕಡೆಗೆ ಮನೆ ಬದಲಾವಣೆ

ಎಲ್ಲರಿಗೂ ನಮಸ್ಕಾರ. ಮೇ ಮೊದಲ ವಾರ ಭಾಗಮಂಡಲದ ಹತ್ತಿರ ಹಳೇ ಹೆಂಚಿನ ಮನೆಗೆ ಬಾಡಿಗೆಗೆ ಬರುತ್ತಿದ್ದೇವೆ. ಒಡೆದ ಮಂಗಳೂರು ಹೆಂಚು ಬದಲಿಸಿ ಪಾಚಿ ಕೆರೆಸಬೇಕು; ಪಾಚಿ ಉಳಿದರೆ ನೀರು ಹರಿಯದೆ ತಡೆದು ಸಂದಿಯಿಂದ ಒಳಗಿಳಿಯುತ್ತದೆ. ಜೂನ್‌ಗೆ ಮೊದಲು ಈ ಕೆಲಸಕ್ಕೆ ಬರುವವರು ಯಾರಾದರೂ ಇದ್ದಾರಾ?

ಸೌದೆಯೂ ಬೇಕು, ಒಂದು ಪಿಕಪ್ ಲೋಡ್. ಮರಗಸಿಯಲ್ಲಿ (ತೋಟದ ನೆರಳು ಮರಗಳ ಕೊಂಬೆ ಸವರುವಾಗ) ಸಿಗುವ ಹಾಲವಾಣ ಮರದ ಸೌದೆ ದಯವಿಟ್ಟು ಬೇಡ, ಉರಿಗಿಂತ ಹೊಗೆಯೇ ಜಾಸ್ತಿ. ಹಳೇ ಕಾಫಿ ಗಿಡದ್ದು, ಒಣಗಿದ್ದು, ಸೀಳಿ ಕೊಟ್ಟರೆ ಉತ್ತಮ.

ಇನ್ನೊಂದು, ಇದೇ ಮುಖ್ಯ. ಊರ ಹಬ್ಬಕ್ಕೆ ಕಟ್ಟು (ಹಬ್ಬದ ಸಮಯದಲ್ಲಿ ಊರವರೆಲ್ಲ ಪಾಲಿಸುವ ಕಟ್ಟುಪಾಡು) ಬಿದ್ದ ಮೇಲೆ ಹಸಿ ಮರ ಕಡಿಯಬಾರದು ಎಂಬುದು ಗೊತ್ತು. ಉಳಿದ ನಿಯಮ ಊರಿಂದೂರಿಗೆ ಬೇರೆ. ಮೊದಲು ತಕ್ಕರನ್ನು (ಊರಿನ ಮುಖ್ಯಸ್ಥರನ್ನು) ಕಂಡು ಕೇಳಬೇಕಾ, ಪಕ್ಕದ ಮನೆಯವರನ್ನು ಕೇಳಿದರೆ ಸಾಕಾ? ಸಾಮಾನಿನ ಲಾರಿ ಕಟ್ಟಿನ ದಿನವೇ ಬಂದು ನಿಲ್ಲಬಾರದಲ್ಲ.