ಧಾರವಾಡದಲ್ಲಿ ನಾಯಿಯನ್ನು ದಿನವೂ ಅಡ್ಡಾಡಿಸಿಕೊಂಡು ಬರುವವರು ಸಿಗುವರೇ?

ಮಾಳಮಡ್ಡಿ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಮಾಳಮಡ್ಡಿಯಲ್ಲಿರುವ ನಿವೃತ್ತ ಶಿಕ್ಷಕಿ. ಜೂನ್ ಮೊದಲ ವಾರದಲ್ಲಿ ನನ್ನ ಎಡ ಮೊಣಕಾಲಿನ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಆಮೇಲೆ ಕೆಲವು ವಾರ ವಾಕರ್ ಹಿಡಿದು ಮನೆಯೊಳಗೇ ನಡೆಯಬೇಕೆಂದೂ, ತಾವು ಅನುಮತಿ ಕೊಡುವವರೆಗೆ ನಾಯಿಯ ಹಗ್ಗವನ್ನು ಕೈಯಲ್ಲಿ ಹಿಡಿಯಲೇಬಾರದೆಂದೂ ವೈದ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಅವರು ಹೇಳುವುದು ಸರಿಯೇ; ನಾಯಿ ಒಮ್ಮೆ ಜಗ್ಗಿದರೆ ಹೊಸ ಕೀಲಿನ ಗತಿ ಏನೆಂದು ನನಗೂ ಭಯವಿದೆ.

ನಮ್ಮ ಬಿಜಲಿ 4 ವರ್ಷದ ಹೆಣ್ಣು ಮುಧೋಳ ನಾಯಿ. ಸ್ವಭಾವದಲ್ಲಿ ಸಾಧು, ಆದರೆ ಅಪರಿಚಿತರ ಹತ್ತಿರ ತಾನಾಗಿ ಹೋಗುವುದಿಲ್ಲ. ಬೆಳಗ್ಗೆಯೂ ಸಂಜೆಯೂ ಹೊರಗೆ ಕರೆದೊಯ್ಯಲೇಬೇಕು, ಏಕೆಂದರೆ ಕಂಪೌಂಡಿನೊಳಗೆ ಮಲಮೂತ್ರ ಮಾಡುವ ರೂಢಿ ಅದಕ್ಕೆ ಇಲ್ಲವೇ ಇಲ್ಲ. ಪುಣೆಯಲ್ಲಿರುವ ಮಗಳು, ಇದಕ್ಕೆಲ್ಲ ಈಗ ಆ್ಯಪ್‌ಗಳಿವೆಯಲ್ಲ ಎನ್ನುತ್ತಾಳೆ. ಅವಳು ಹೇಳಿದ ಆ್ಯಪ್‌ನಲ್ಲಿ ನಮ್ಮ ಪಿನ್ ಕೋಡ್ ಹಾಕಿದರೆ ಸೇವೆ ಲಭ್ಯವಿಲ್ಲ ಎಂದು ಬರುತ್ತದೆ. ಮನೆಗೆಲಸಕ್ಕೆ ಬರುವವರಿಗೆ ನಾಯಿಯೆಂದರೆ ಅಂಜಿಕೆ. ಪಕ್ಕದ ಮನೆಯ, ಹತ್ತನೆಯ ತರಗತಿಯ ಹುಡುಗ ತಾನೇ ಕರೆದೊಯ್ಯುತ್ತೇನೆಂದು ಉತ್ಸಾಹ ತೋರಿಸಿದ್ದಾನೆ. ನಾಯಿಯನ್ನು ಬೇರೆಡೆ ಬಿಟ್ಟು ಬರುವ ಯೋಚನೆ ನನಗಿಲ್ಲ, ಏಕೆಂದರೆ ಅದು ಪರಸ್ಥಳದಲ್ಲಿ ಊಟವನ್ನೇ ಮುಟ್ಟುವುದಿಲ್ಲ. ನಮ್ಮ ಊರಿನಲ್ಲಿ ಇಂಥ ಕೆಲಸಕ್ಕೆ ನಂಬಿಗಸ್ತರನ್ನು ಎಲ್ಲಿ ಹುಡುಕಬೇಕು, ಸಂಬಳವನ್ನು ಹೇಗೆ ನಿರ್ಧರಿಸಬೇಕು, ಏನೇನನ್ನು ಮೊದಲೇ ಮಾತಾಡಿಕೊಳ್ಳಬೇಕು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉಣಕಲ್ ವಾಕರ್:

ಮೇಡಂ, ಶಸ್ತ್ರಚಿಕಿತ್ಸೆಗೆ ಮೊದಲೇ ವಿಚಾರಿಸುತ್ತಿದ್ದೀರಿ ಎಂಬುದೇ ಅರ್ಧ ಕೆಲಸ ಮುಗಿದಂತೆ. ನಮ್ಮ ಅವಳಿ ನಗರದಲ್ಲಿ ಇದನ್ನೇ ಉದ್ಯೋಗವೆಂದು ಬೋರ್ಡು ಹಾಕಿಕೊಂಡವರನ್ನು ಹುಡುಕುತ್ತ ಹೋದರೆ ಬೇಸರವೇ ಉಳಿಯುತ್ತದೆ. ನಿಮ್ಮ ನಾಯಿಗೆ ಚುಚ್ಚುಮದ್ದು ಹಾಕುವ ಪಶುವೈದ್ಯರ ಸಹಾಯಕನನ್ನು ಮೊದಲು ಕೇಳಿರಿ. ಯಾವ ಓಣಿಯಲ್ಲಿ ಯಾರ ಮನೆಯ ನಾಯಿ ಇದೆ, ಅದನ್ನು ಯಾರು ಅಡ್ಡಾಡಿಸುತ್ತಾರೆ, ಯಾವ ಹುಡುಗನ ಕೈಯಲ್ಲಿ ನಾಯಿ ಸುಮ್ಮನೆ ನಿಲ್ಲುತ್ತದೆ ಎಂಬುದೆಲ್ಲ ವೈದ್ಯರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮನೆಗೆ ಬಂದು ನಾಯಿಗಳಿಗೆ ಸ್ನಾನ ಮಾಡಿಸಿ ಉಗುರು ಕತ್ತರಿಸುವವರು ಎರಡನೆಯ ದಾರಿ. ನಾಯಿಯ ಮೈ ಮುಟ್ಟಿ ಅಭ್ಯಾಸವಿರುವವರಿಗೆ ಹಗ್ಗ ಹಿಡಿಯುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮೂರನೆಯದಾಗಿ, ಬೆಳಗಿನ ಹೊತ್ತು ನಿಮ್ಮ ಭಾಗದಲ್ಲಿಯೇ ತಮ್ಮ ನಾಯಿಯೊಂದಿಗೆ ತಿರುಗಾಡುವವರನ್ನು ಮಾತಾಡಿಸಿ ನೋಡಿರಿ. ಅವರೇ ಕರೆದೊಯ್ಯದಿದ್ದರೂ ಒಬ್ಬರ ಹೆಸರನ್ನಾದರೂ ಹೇಳುತ್ತಾರೆ.

ಧಾರವಾಡದಲ್ಲಿ ವಿದ್ಯಾರ್ಥಿಗಳಿಗೇನೂ ಕಡಿಮೆಯಿಲ್ಲ. ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರೇ ಎಷ್ಟೋ ಜನ ಇದ್ದಾರೆ. ಅವರಲ್ಲಿ ಹಳ್ಳಿಯ ಮನೆಯಲ್ಲಿ ನಾಯಿ, ದನ ಸಾಕಿ ಬಂದವರು ಒಳ್ಳೆಯ ಕೈಯವರು. ಆದರೆ ಪರೀಕ್ಷೆ ಬಂದಾಗ, ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಬಿಜಲಿ ಕಟ್ಟುಬಿದ್ದಿರಬೇಕಾಗುತ್ತದೆ. ಆದ್ದರಿಂದ ಯಾರನ್ನೇ ಗೊತ್ತು ಮಾಡಿದರೂ ಬದಲಿಯೊಬ್ಬರು ನಾಯಿಗೆ ಪರಿಚಯವಿರಲಿ.

ಪರಿಚಯದ ವಿಷಯವೇ ಎಲ್ಲಕ್ಕಿಂತ ಮುಖ್ಯ. ಬರುವವರು ಮೊದಲು ಒಳಗೆ ಬಂದು ಸುಮ್ಮನೆ ಕುಳಿತು ಚಹಾ ಕುಡಿದು ಹೋಗಲಿ. ನಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುವುದಾಗಲಿ, ತಲೆ ಸವರಲು ಮೇಲಿನಿಂದ ಕೈ ಚಾಚುವುದಾಗಲಿ ಬೇಡ. ಬಿಜಲಿ ತಾನಾಗಿ ಬಂದು ಮೂಸಿದ ಮೇಲೆ ತಿನಿಸನ್ನು ಅವರ ಕೈಯಿಂದ ಕೊಡಿಸಿರಿ. ಮುಂದೆ ಅವರು ಹಗ್ಗ ಹಿಡಿಯಲಿ, ನೀವು ಜೊತೆಗೆ ನಡೆಯಿರಿ. ಆಮೇಲೆ ನೀವು ಗೇಟಿನಲ್ಲಿಯೇ ನಿಂತು, ಓಣಿಯ ತಿರುವಿನವರೆಗೆ ಮಾತ್ರ ಹೋಗಿ ಬರಲು ಹೇಳಿರಿ. ನೀವು ಆಸ್ಪತ್ರೆಗೆ ಹೊರಡುವ ಹೊತ್ತಿಗೆ ನಾಯಿಗೆ ಇದು ರೂಢಿಯಾಗಿರಬೇಕು. ಯಜಮಾನತಿ ಮನೆಯಲ್ಲಿ ಕಾಣದಾದ ದಿನವೇ ಹೊಸಬರೊಬ್ಬರು ಬಂದು ಹಗ್ಗಕ್ಕೆ ಕೈ ಹಾಕಿದರೆ ಸಾಧು ನಾಯಿಯೂ ಗುರ್ರೆನ್ನುತ್ತದೆ.

ಸಂಬಳವನ್ನು ತಿಂಗಳ ಲೆಕ್ಕದಲ್ಲಿ ಮಾತಾಡಿರಿ. ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆಯೆಂದರೆ ತಿಂಗಳಿಗೆ ಸುಮಾರು 30 ಗಂಟೆಯ ಕೆಲಸವಾಯಿತು. ನಿಮ್ಮ ಓಣಿಯಲ್ಲಿ ಮನೆಗೆಲಸದವರಿಗೆ ಗಂಟೆಗೆ ಎಷ್ಟು ಬೀಳುತ್ತದೆಯೋ ಅದಕ್ಕಿಂತ ಕಡಿಮೆ ಕೊಡಬೇಡಿರಿ, ಏಕೆಂದರೆ ಇದು ನಸುಕಿನಲ್ಲಿ ಏಳುವ ಕೆಲಸ. ಮನೆಯ ಕೀಲಿಕೈಯನ್ನು ಮಾತ್ರ ಕೊಡಬೇಡಿರಿ; ನಾಯಿಯನ್ನು ಗೇಟಿನಲ್ಲಿ ಒಪ್ಪಿಸಿ ಗೇಟಿನಲ್ಲಿಯೇ ಪಡೆಯುವುದು ಇಬ್ಬರಿಗೂ ನೆಮ್ಮದಿ. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ ಹಾಕಿ ಹೋಗುವಂತೆ ಮೊದಲ ಕೆಲವು ದಿನ ಕೇಳುವುದರಲ್ಲಿ ತಪ್ಪೇನಿಲ್ಲ.

ನವನಗರ ವಕೀಲ:

ಮೇಲಿನವರು ಹೇಳಿದ್ದಕ್ಕೆ ನನ್ನ ಸಹಮತವಿದೆ. ಪಕ್ಕದ ಮನೆಯ ಹುಡುಗನ ವಿಷಯ ಯಾರೂ ಎತ್ತಿಲ್ಲವಾದ್ದರಿಂದ ಅದನ್ನಷ್ಟೇ ಬರೆಯುತ್ತೇನೆ. ದಯವಿಟ್ಟು ಅವನನ್ನು ಒಬ್ಬನನ್ನೇ ಕಳುಹಿಸಬೇಡಿರಿ. ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ತಕ್ಕ ಎಚ್ಚರಿಕೆ ವಹಿಸದವನು ಶಿಕ್ಷೆಗೆ ಗುರಿಯಾಗುತ್ತಾನೆ. 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಗ್ಗ ಯಾರ ಕೈಯಲ್ಲಿತ್ತು, ಆ ಕೈಗೆ ನಾಯಿಯನ್ನು ಒಪ್ಪಿಸಿದವರು ಯಾರು ಎಂಬ ಎರಡೂ ಪ್ರಶ್ನೆಗಳು ಏಳುತ್ತವೆ. ಶಾಲೆಗೆ ಹೋಗುವ ಹುಡುಗನನ್ನು ಅಂಥ ಪ್ರಶ್ನೆಯ ಮುಂದೆ ನಿಲ್ಲಿಸುವುದು ನ್ಯಾಯವಲ್ಲ. ಅವನ ಉತ್ಸಾಹಕ್ಕೆ ತಣ್ಣೀರು ಎರಚಬೇಕಾಗಿಲ್ಲ. ವಯಸ್ಕರೊಬ್ಬರ ಜೊತೆಗೆ ಅವನೂ ನಡೆಯಲಿ.

ನಾಯಿಯನ್ನು ಅಷ್ಟು ದಿನ ಕಟ್ಟಿಯೇ ಇಟ್ಟರಾಯಿತು ಎಂದು ನಿಮಗೆ ಸಲಹೆ ಕೊಡುವವರೂ ಇರುತ್ತಾರೆ. ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದೆ ಇರುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯ 11ನೆಯ ಕಲಮಿನಲ್ಲಿ ಕ್ರೌರ್ಯವೆಂದೇ ನಮೂದಾಗಿದೆ. ನಿಮಗೆ ಇದು ಅನ್ವಯಿಸುತ್ತದೆ ಎನ್ನುತ್ತಿಲ್ಲ. ಹಾಗೆ ಹೇಳುವ ನೆಂಟರಿಗೆ ಉತ್ತರವಾಗಿ ಇಟ್ಟುಕೊಳ್ಳಿರಿ.

ಬರುವವರಿಗೆ ರೇಬೀಸ್ ಲಸಿಕೆಯ ಕಾರ್ಡಿನ ಫೋಟೋವನ್ನು ಫೋನಿಗೆ ಕಳುಹಿಸಿರಿ. ಬೀದಿನಾಯಿಯೋ ನಮ್ಮದೇ ನಾಯಿಯೋ ಕಚ್ಚಿದರೆ, ಇಲ್ಲವೇ ಹಲ್ಲು ತಗುಲಿ ಚರ್ಮ ಗೀರಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕೆಂದು ಬಾಯಿಬಿಟ್ಟು ಹೇಳಿರಿ. ಅರಿಸಿನ, ಸುಣ್ಣ ಮೆತ್ತುವುದು ಇನ್ನೂ ನಿಂತಿಲ್ಲ.

ಬೆಟಗೇರಿಯವ:

ಟೀಚರ್, ನಮ್ಮ ಮನೆಯಲ್ಲಿಯೂ ಮುಧೋಳ ನಾಯಿಯಿದೆ, ಆದ್ದರಿಂದ ತಳಿಯ ಬಗ್ಗೆ ಎರಡು ಮಾತು. ಲ್ಯಾಬ್ರಡಾರ್ ಅಡ್ಡಾಡಿಸಿದ ಅನುಭವವಿರುವವರು ಬಂದರೂ ಮುಧೋಳದ ರೀತಿಯೇ ಬೇರೆ ಎಂಬುದನ್ನು ಮೊದಲೇ ಹೇಳಿಬಿಡಿ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಬೆಕ್ಕು ಓಡಿದರೆ ಸಾಕು, ಕರೆದ ದನಿ ಕಿವಿಗೆ ಬೀಳುವುದಿಲ್ಲ, ಓಡಿದರೆ ಮನುಷ್ಯರು ಹಿಡಿಯುವ ಮಾತೂ ಇಲ್ಲ. ಹೀಗಾಗಿ ಬೆಳಗಿನ ಹೊತ್ತು ಕರ್ನಾಟಕ ಕಾಲೇಜಿನ ಮೈದಾನ ಎಷ್ಟೇ ಖಾಲಿ ಕಂಡರೂ ಹಗ್ಗ ಬಿಚ್ಚಬಾರದು. ಇದರ ತಲೆ ಕಿರಿದು, ಕೊರಳು ಉದ್ದ. ಹಿಂದಕ್ಕೆ ಜಗ್ಗಿದರೆ ಸಾಧಾರಣ ಬೆಲ್ಟು ಕಿವಿಯ ಮೇಲಿಂದ ಜಾರಿ ಬರುತ್ತದೆ. ಜಗ್ಗಿದಾಗ ತಾನಾಗಿ ಬಿಗಿಯಾಗುವ ಅಗಲವಾದ ಬೆಲ್ಟನ್ನೂ ಎದೆಗೆ ಹಾಕುವ ಹಾರ್ನೆಸ್ಸನ್ನೂ ತರಿಸಿ, ಎರಡಕ್ಕೂ ಹಗ್ಗ ಸಿಕ್ಕಿಸಿರಿ. ಉದ್ದ ಹೆಚ್ಚುಕಡಿಮೆಯಾಗುವ ಸುರುಳಿ ಹಗ್ಗ ಬೇಡವೇ ಬೇಡ, ಏಕೆಂದರೆ ನಾಯಿ ವೇಗ ಹಿಡಿಯಲು ಅದೇ ಅವಕಾಶ ಕೊಡುತ್ತದೆ. ಹಗ್ಗವನ್ನು ಬೆರಳಿಗೆ ಸುತ್ತಿಕೊಳ್ಳಬಾರದೆಂದೂ ಹೇಳಿರಿ.

ಕೆಲವರು ಒಂದೇ ಕೈಯಲ್ಲಿ ಎರಡು ಮೂರು ಮನೆಯ ನಾಯಿಗಳನ್ನು ಒಟ್ಟಿಗೆ ಹಿಡಿದು ಹೊರಡುತ್ತಾರೆ. ಅದಕ್ಕೆ ನಾನಂತೂ ಒಪ್ಪುವುದಿಲ್ಲ. ನಮ್ಮ ಕಡೆಯ ಓಣಿಗಳಲ್ಲಿ ಪ್ರತಿ ತಿರುವಿಗೂ ಬೀದಿನಾಯಿಗಳ ಒಂದೊಂದು ಗುಂಪು, ಅವಕ್ಕೆ ಅವುಗಳದೇ ಗಡಿ. ಗುಂಪು ಎದುರಾದಾಗ ನಿಧಾನವಾಗಿ ಬದಿಗೆ ಸರಿಯಲು ಒಂದು ನಾಯಿಯಿದ್ದರೆ ಮಾತ್ರ ಸಾಧ್ಯ. ಕೋಲು ಹಿಡಿದಿರಲಿ, ನೆಲಕ್ಕೆ ತಟ್ಟಲು, ಹೊಡೆಯಲು ಅಲ್ಲ. ಮಾಂಸದ ಅಂಗಡಿ ಮತ್ತು ಕಸದ ರಾಶಿ ತಪ್ಪಿಸಿ ಹೋಗುವ ಒಂದೇ ದಾರಿಯನ್ನು ನೀವೇ ನಡೆದು ತೋರಿಸಿಕೊಡಿ.

ಗದಗ ಕಡೆಯ ಓದುಗರಿಗೆ ಇನ್ನೊಂದು ಮಾತು: ಇಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಅಲ್ಲಿಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಬಿಡುವಿನಲ್ಲಿ ಈ ಕೆಲಸ ಒಪ್ಪುವರೇ ಎಂದು ವಿಚಾರಿಸಬಹುದು. ಟೀಚರ್‌ಗೆ ಇದು ದೂರವಾಯಿತು.

ಮಾಳಮಡ್ಡಿ ಟೀಚರ್:

ಎಲ್ಲರಿಗೂ ಧನ್ಯವಾದ. ಪಶುವೈದ್ಯರ ಸಹಾಯಕರೊಂದಿಗೆ ಇಂದು ಮಾತಾಡಿದೆ; ಪತ್ರಿಕೆ ಹಂಚುವ, ಮನೆಯಲ್ಲಿ ತಾನೂ ನಾಯಿ ಸಾಕಿರುವ ಯುವಕನೊಬ್ಬನನ್ನು ಭಾನುವಾರ ಕಳುಹಿಸುವುದಾಗಿ ಹೇಳಿದ್ದಾರೆ. ಪಕ್ಕದ ಮನೆಯ ಹುಡುಗನ ತಾಯಿಗೂ ವಿಷಯ ತಿಳಿಸಿದ್ದೇನೆ. ಉಳಿದಿರುವುದು ಮಳೆಯ ಪ್ರಶ್ನೆ. ಜೂನ್, ಜುಲೈ ತಿಂಗಳಲ್ಲಿ ಧಾರವಾಡದ ಜಿಟಿಜಿಟಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಆ ದಿನಗಳಲ್ಲಿ ಆತ ಬಾರದಿದ್ದರೆ ಏನು ಮಾಡಲಿ? ಸಂಬಳ ಕಡಿತ ಮಾಡುವುದು ಸರಿಯೇ?

ಉಣಕಲ್ ವಾಕರ್:

ಕಡಿತ ಮಾಡಬೇಡಿರಿ ಮೇಡಂ. ಮಳೆಯಿದ್ದರೂ ಬರುವುದಕ್ಕಾಗಿಯೇ ಪೂರ್ತಿ ಸಂಬಳ ಎಂದು ಮೊದಲ ದಿನವೇ ಹೇಳಿ, ಆತನಿಗೊಂದು ಒಳ್ಳೆಯ ರೇನ್‌ಕೋಟ್ ನೀವೇ ಕೊಡಿಸಿರಿ. ಕೊಡೆ ಬೇಡ, ಒಂದು ಕೈ ಕೊಡೆಗೆ ಹೋದರೆ ಮುಧೋಳವನ್ನು ಹಿಡಿಯಲು ಒಂದೇ ಕೈ ಉಳಿಯುತ್ತದೆ. ಜೋರು ಮಳೆಯಲ್ಲಿ ಪೂರ್ತಿ ಸುತ್ತು ಬೇಕಾಗಿಲ್ಲ, ಮಲಮೂತ್ರ ಮುಗಿಸಿಕೊಂಡು ಬಂದರೆ ಸಾಕು. ಉಳಿದ ಚಟುವಟಿಕೆಗೆ, ಒಣರೊಟ್ಟಿಯ ಚೂರುಗಳನ್ನು ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿರಿ. ಇದನ್ನು ನೀವು ಕುರ್ಚಿಯಲ್ಲಿ ಕುಳಿತೇ ಮಾಡಿಸಬಹುದು.

ನಿಂತ ನೀರನ್ನು ಕುಡಿಯಲು ಬಿಡಬಾರದೆಂದು ಆತನಿಗೆ ಹೇಳಿರಿ. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್ ನಾಯಿಗೂ ಮನುಷ್ಯರಿಗೂ ತಗಲುತ್ತದೆ. ಬಿಜಲಿಗೆ ಅದರ ಲಸಿಕೆ ಆಗಿದೆಯೇ ಎಂದು ಕಾರ್ಡು ನೋಡಿರಿ. ಮರಳಿ ಬಂದ ಮೇಲೆ ಪಾದಗಳನ್ನೂ ಬೆರಳುಗಳ ಸಂದಿಯನ್ನೂ ಒಣಬಟ್ಟೆಯಿಂದ ಒರೆಸಿ, ಕಿವಿಯ ಹಿಂದೆ ಉಣ್ಣೆ ಹತ್ತಿದೆಯೇ ಎಂದು ನೋಡಿ ಗೇಟಿನಲ್ಲಿ ಒಪ್ಪಿಸುವುದೂ ಆತನ ಕೆಲಸದಲ್ಲಿಯೇ ಸೇರಿರಲಿ, ಏಕೆಂದರೆ ಆಗ ನಿಮಗೆ ಬಗ್ಗಲು ಆಗುವುದಿಲ್ಲ.